ಅಪ್ಪನ ಪೆನ್ನು ಯಾಕೆ ಸೋರುತ್ತಿತ್ತು

ಭದ್ರಾವತಿ,
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಣ್ಣಾ,

ಮೊದಲು ಕ್ಷಮಿಸು. ನಾನು ಬರೆಯಬಾರದಿತ್ತು. ಯಾರೂ ನನ್ನನ್ನು ಹುಡುಕಬೇಡಿ ಅಂತ ನೀನು ಹೇಳಿಯೇ ಹೋಗಿದ್ದೀಯ, ನನ್ನ ನಂಬರನ್ನೂ ಅಮ್ಮನ ನಂಬರನ್ನೂ ಬ್ಲಾಕ್ ಮಾಡಿದ್ದೀಯ. ಅಷ್ಟಾದ ಮೇಲೂ ಕಾಗದ ಕಳಿಸುವುದೆಂದರೆ ಬಾಗಿಲು ಹಾಕಿಕೊಂಡವರ ಕಿಟಕಿಯಲ್ಲಿ ಇಣುಕಿದ ಹಾಗೆ. ಆದರೂ ಬರೆಯುತ್ತಿದ್ದೇನೆ. ನನ್ನ ಕನ್ನಡವನ್ನೂ ಕ್ಷಮಿಸು. ಆರನೇ ಕ್ಲಾಸಿನಿಂದ ಗಾಜನೂರಿನ ಹಾಸ್ಟೆಲ್ಲಿನಲ್ಲಿ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಬೈಸಿಕೊಂಡು ಬೆಳೆದವಳು ನಾನು. ರಜಕ್ಕೆ ಮನೆಗೆ ಬಂದಾಗಲೆಲ್ಲ ನೀನು "ಅರ್ಧ ಮೇಡಂ ಬಂದ್ಲು ನೋಡಮ್ಮ, ಇವಳಿಗೆ ಅನ್ನ ಅಂದ್ರೆ ಅರ್ಥ ಆಗಲ್ಲ, ರೈಸ್ ಅನ್ಬೇಕು" ಅಂತ ರೇಗಿಸುತ್ತಿದ್ದೆ. ಒತ್ತಕ್ಷರ ತಪ್ಪಾಗಿದ್ದರೆ ಈಗಲೂ ಹಾಗೆಯೇ ರೇಗಿಸು. ಅದಕ್ಕಾದರೂ ಒಂದು ಮಾತು ಆಡಿದ ಹಾಗಾಗುತ್ತದೆ.

ನೀನು ಹೇಗಿದ್ದೀಯ? ಬೆನ್ನುನೋವು ಇನ್ನೂ ಇದೆಯಾ? ರೂಮು ಮಾಡದೆ ಲಾರಿಯ ಕ್ಯಾಬಿನ್ನಿನಲ್ಲೇ ಮಲಗುತ್ತೀಯಂತೆ, ಊಟವೂ ಹೊತ್ತಿಗೆ ಸರಿಯಾಗಿ ಇಲ್ಲವಂತೆ. ಹೊಸಪೇಟೆಯ ಬಿಸಿಲು ನಿನಗೆ ಆಗುವುದಿಲ್ಲ, ಮೂಗಿನಲ್ಲಿ ರಕ್ತ ಬರುತ್ತದೆ, ತಲೆಗೆ ಟವೆಲ್ಲು ಒದ್ದೆ ಮಾಡಿ ಕಟ್ಟಿಕೋ ಅಂತ ಅಮ್ಮ ಹೇಳಿದ್ದಾಳೆ. ಇದೆಲ್ಲ ಗೊತ್ತಾಗಿದ್ದು ಜಾಹಿದ್‌ನಿಂದ. ನಿನ್ನ ಸ್ನೇಹಿತನ ಮೇಲೆ ಸಿಟ್ಟಾಗಬೇಡ. ಅವನ ಗ್ಯಾರೇಜಿನ ಮುಂದೆ ನಾನು ಕಾಲೇಜ್ ಬ್ಯಾಗು ಹಾಕಿಕೊಂಡು ಅಳುತ್ತಾ ನಿಂತಿದ್ದೆ. "ಗಿರಾಕಿಗಳು ನೋಡ್ತಾ ಇದಾರೆ ಮಾರಾಯ್ತಿ, ನಾನೇನೋ ಮಾಡಿದೀನಿ ಅನ್ಕೋತಾರೆ, ಮೊದ್ಲು ಕಣ್ಣು ಒರೆಸ್ಕೋ" ಅಂತ ಗದರಿ, ಆಮೇಲೆ ನೀನಿರುವ ಟ್ರಾನ್ಸ್‌ಪೋರ್ಟ್ ಆಫೀಸಿನ ಹೆಸರು ಹೇಳಿದ. ಫೋನಿನಲ್ಲಿ ಮನೆಯ ವಿಷಯ ಎತ್ತಿದರೆ ನೀನು ಕಟ್ ಮಾಡುತ್ತೀಯಂತೆ. ಬರೆದು ಕೊಟ್ಟರೆ ಹೊಸಪೇಟೆಗೆ ಹೋಗುವ ಗಾಡಿಯವರ ಕೈಯಲ್ಲಿ ಕಳಿಸುತ್ತೇನೆ, ಕಾಗದವನ್ನು ಯಾರೂ ಕಟ್ ಮಾಡೋಕಾಗಲ್ಲ ಅಂದ. ಹರಿದು ಹಾಕಬಹುದು ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿದೆ. ಓದಿ ಹರಿ, ಅಷ್ಟು ಸಾಕು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಹೋದ ವಾರ ಅವರ ಬಾಯಿ ಮತ್ತೆ ಸೊಟ್ಟಗಾಯಿತು. ಮಧ್ಯಾಹ್ನ ಅಮ್ಮ ಗಂಜಿ ಕುಡಿಸುತ್ತಿದ್ದಾಗ ಒಂದು ಕಡೆಯಿಂದ ಹಾಗೇ ಇಳಿದು ಹೋಯಿತಂತೆ. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಸ್ಕ್ಯಾನ್ ಆಯಿತು. ಕತ್ತಿನಲ್ಲಿ ತಲೆಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ, ಬಿಡಿಸದಿದ್ದರೆ ಇನ್ನೊಂದು ದೊಡ್ಡ ಸ್ಟ್ರೋಕ್ ಆಗುತ್ತದೆ ಅಂದರು. ಆಪರೇಷನ್ ಬರುವ ಗುರುವಾರ ಬೆಳಗ್ಗೆ. ಮಾಡುವಾಗಲೂ ಅಪಾಯ ಇದೆ, ಈಗಿರುವ ಮಾತೂ ಉಳಿಯುತ್ತದೆ ಅಂತ ಗ್ಯಾರಂಟಿ ಕೊಡುವುದಿಲ್ಲ ಅಂದರು ಡಾಕ್ಟರು. ಈಗಿರುವ ಮಾತು ಅನ್ನುವಾಗ ಅಮ್ಮ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಅಪ್ಪನ ಬಾಯಲ್ಲಿ ಉಳಿದಿರುವುದು ಒಂದೇ ಮಾತು. ಅದು ಯಾವುದು ಅಂತ ನಿನಗೆ ಗೊತ್ತು.

ಹೌದು, ಈಗಲೂ ಅದನ್ನೇ ಅನ್ನುತ್ತಾರೆ. ಸಾಯಿ. ನಿನಗೊಬ್ಬನಿಗೇ ಅಂದಿದ್ದು ಅಂದುಕೊಂಡು ಹೋದೆಯಲ್ಲ, ನೀನು ಹೋದ ಮೇಲೆ ಅಮ್ಮನಿಗೂ ಅಂದರು, ನನಗೂ ಅಂದರು, ಹಾಲಿನವನಿಗೂ ಅಂದರು. ಅಮ್ಮ ಅದನ್ನು ಬೇರೆ ರೀತಿ ಕೇಳಿಸಿಕೊಂಡಿದ್ದಾಳೆ. ಇವರು ಸಾಯ್ತೀನಿ ಅಂತಿದಾರೆ ಕಣೇ, ಬದುಕು ಬೇಡ ಆಗಿದೆ ಇವರಿಗೆ ಅಂತ ಮಾತ್ರೆಯ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದಾಳೆ, ಈಳಿಗೆಮಣೆಯನ್ನು ಪಕ್ಕದ ಮನೆಗೆ ಕೊಟ್ಟಿದ್ದಾಳೆ. ಎದ್ದು ಕೂರಲಾಗದ ಮನುಷ್ಯ ಈಳಿಗೆಮಣೆ ತನಕ ಹೇಗೆ ಹೋಗುತ್ತಾರೆ ಅಂತ ನಾನು ಕೇಳಲಿಲ್ಲ. ಪಕ್ಕದ ಮನೆಯ ರಂಜಿನಿ ಅಕ್ಕನಿಗಂತೂ ಅದು ದೇವರ ಹೆಸರು. "ನಿಮ್ಗೆ ಯಾಕೆ ತಿಳಿಯಲ್ಲ ಈಶ್ವರಮ್ಮ, ಬಾಬಾನ ಕೂಗ್ತಾ ಇದಾರೆ ಅವ್ರು, ಇದು ಪುಣ್ಯ" ಅಂತ ಸಾಯಿಬಾಬಾ ಫೋಟೋ ತಂದು ಅಪ್ಪನ ಮಂಚದ ತಲೆದೆಸೆಗೆ ನೇತುಹಾಕಿ ವಿಭೂತಿ ಹಚ್ಚಿ ಹೋದರು. ಅಪ್ಪ ಆ ಫೋಟೋವನ್ನೂ ನೋಡಿದರು, ಅಮ್ಮನನ್ನೂ ನೋಡಿದರು, ಕಣ್ಣು ಮುಚ್ಚಿಕೊಂಡರು. ಆವತ್ತು ಅವರು ಎಷ್ಟು ಸುಸ್ತಾಗಿ ಕಂಡರೆಂದರೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ ಪ್ರತಿಯೊಬ್ಬರೂ ಒಂದೊಂದು ಕಡೆ ದಾರಿ ತೋರಿಸಿದ ಹಾಗಿತ್ತು.

ಈಗ ಪೆನ್ನಿನ ವಿಷಯ. ನಗಬೇಡ. ಈ ಎರಡು ತಿಂಗಳು ನಾನು ಪಾಠ ಓದಿದ್ದಕ್ಕಿಂತ ಹೆಚ್ಚು ಹೊತ್ತು ಅಪ್ಪನ ಆ ಹಳೆ ಇಂಕ್ ಪೆನ್ನಿಗೆ ಕೊಟ್ಟಿದ್ದೇನೆ. ಮಾತು ಹೋದವರು ಬರೆದು ಹೇಳಬಹುದು ಅಂತ ಸ್ಪೀಚ್ ಥೆರಪಿಯ ಮೇಡಂ ಎಡಗೈಗೆ ಬಾಲ್ ಪೆನ್ ಕೊಟ್ಟರೆ ಅಪ್ಪ ಎಸೆದರು. ಎಸೆದದ್ದು ಸಿಟ್ಟಿಗಲ್ಲ ಅಂತ ನನಗೆ ಆಮೇಲೆ ತಿಳಿಯಿತು, ಬಾಲ್ ಪೆನ್ನನ್ನು ಒತ್ತಿ ಬರೆಯಬೇಕು, ಅಷ್ಟು ಶಕ್ತಿ ಆ ಬೆರಳುಗಳಲ್ಲಿ ಇಲ್ಲ. ಇಂಕ್ ಪೆನ್ ಹಾಗಲ್ಲ, ಕಾಗದಕ್ಕೆ ತಾಗಿಸಿದರೆ ಸಾಕು. ಆದರೆ ಅವರು ಅಕ್ಷರ ಬರೆಯುವುದಿಲ್ಲ ಅಣ್ಣ. ಗೆರೆ ಎಳೆಯುತ್ತಾರೆ. ಒಂದು ಗೆರೆ ಎಳೆದು, ಕಣ್ಣಿನ ಹತ್ತಿರ ತಂದು, ಗೆರೆಯ ಅಂಚು ನೋಡುತ್ತಾರೆ. ಪೇಪರ್ ಮಿಲ್ಲಿನ ಲ್ಯಾಬಿನಲ್ಲಿ ಅವರು ಮಾಡುತ್ತಿದ್ದದ್ದು ಅದೇ ಕೆಲಸ ತಾನೇ, ಹೊಸ ಹಾಳೆಯ ಮೇಲೆ ಇಂಕಿನ ಗೆರೆ ಎಳೆದು ಅದು ಹರಡುತ್ತದಾ, ನಿಲ್ಲುತ್ತದಾ ಅಂತ ನೋಡುವುದು. ಹರಡಿದರೆ ಹಾಳೆ ವಾಪಸ್. ಚಿಕ್ಕವರಿದ್ದಾಗ ವಾಪಸ್ಸಾದ ಹಾಳೆಗಳ ಮೇಲೇ ಅಲ್ಲವಾ ನಾವು ಚಿತ್ರ ಬಿಡಿಸಿದ್ದು, ನೀನು ಬರೆದ ಲಾರಿಯ ಗಾಲಿಗಳೆಲ್ಲ ಊದಿಕೊಳ್ಳುತ್ತಿದ್ದವು.

ಮೊದಲು ಪೆನ್ನು ಹರಿಯುತ್ತಲೇ ಇರಲಿಲ್ಲ. ಗೆರೆ ಶುರುವಾಗಿ ಮಧ್ಯೆ ಒಣಗುತ್ತಿತ್ತು, ಅಪ್ಪ ಪೆನ್ನನ್ನು ಕೊಡವುತ್ತಿದ್ದರು, ಕೊಡವಿದರೆ ಒಮ್ಮೆಗೇ ಸುರಿಯುತ್ತಿತ್ತು. ನಾನು ಫೋನಿನಲ್ಲಿ ವಿಡಿಯೋ ನೋಡಿ ಬಿಚ್ಚಿದೆ. ನಿಬ್ಬಿನ ಕೆಳಗೆ ಅಂಟಿಕೊಂಡಿರುವ ಕಪ್ಪು ಪಟ್ಟಿ ಇದೆಯಲ್ಲ, ಅದರಲ್ಲಿ ಕೂದಲಿನಷ್ಟು ಸಣ್ಣ ಕಾಲುವೆ ಇರುತ್ತದೆ, ಇಂಕು ಇಳಿದು ಬರುವುದು ಅದರಲ್ಲೇ. ಅಪ್ಪ ಅದನ್ನು ಪೆನ್ನಿನ ನಾಲಿಗೆ ಅನ್ನುತ್ತಿದ್ದರು, ನೆನಪಿದೆಯಾ? ಅದರ ತುಂಬ ಹಳೆ ಇಂಕು ಗಟ್ಟಿಯಾಗಿ ಕೂತಿತ್ತು. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿಟ್ಟೆ. ನೀರು ನೀಲಿ, ಆಮೇಲೆ ಕಂದು, ಆಮೇಲೆ ಮತ್ತೆ ನೀಲಿ ಆಯಿತು. ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ, ನೀರು ತಿಳಿಯಾಗುವ ತನಕ ಬದಲಾಯಿಸಿ, ಬಟ್ಟೆಯ ಮೇಲೆ ಒಣಗಿಸಿ ಜೋಡಿಸಿದೆ. ಹರಿಯಿತು. ಅಪ್ಪ ಗೆರೆ ಎಳೆದು ನನ್ನ ಕಡೆ ನೋಡಿ ಹುಬ್ಬು ಎತ್ತಿದರು. ನನ್ನ ಪಿಯುಸಿ ರಿಸಲ್ಟ್ ಬಂದ ದಿನ ಎತ್ತಿದ ಹಾಗೆಯೇ.

ಆದರೆ ಮಾರನೇ ದಿನದಿಂದ ಸೋರಲು ಶುರುವಾಯಿತು. ಅಪ್ಪ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತಾದರೆ ಸಾಕು, ನಿಬ್ಬಿನ ತುದಿಯಲ್ಲಿ ದಪ್ಪ ಹನಿ ಬಂದು ಕೂತು, ತೊಟ್ಟನೆ ಹಾಸಿಗೆ ಮೇಲೆ ಬೀಳುತ್ತಿತ್ತು. ನಿಬ್ಬನ್ನು ಇನ್ನೂ ಒಳಕ್ಕೆ ಒತ್ತಿ ಕೂರಿಸಿದೆ, ನಿಲ್ಲಲಿಲ್ಲ. ಥ್ರೆಡ್ಡಿನ ಹತ್ತಿರ ಲೀಕ್ ಇರಬೇಕು ಅಂತ ಜಾಹಿದ್ ಗ್ಯಾರೇಜಿನ ಗ್ರೀಸು ಕೊಟ್ಟ, "ಲಾರಿ ಆಕ್ಸಲ್ ಲೀಕೇ ನಿಲ್ಲುತ್ತೆ ಇದರಲ್ಲಿ, ಪೆನ್ನು ಯಾವ ಲೆಕ್ಕ" ಅಂತ. ಪೆನ್ನು ಸೋರುವುದರ ಜೊತೆಗೆ ಡೀಸೆಲ್ ವಾಸನೆಯನ್ನೂ ಶುರು ಮಾಡಿತು, ಅಮ್ಮ ಇಬ್ಬರಿಗೂ ಬೈದಳು, ಅದನ್ನೆಲ್ಲ ಮತ್ತೆ ತೊಳೆದೆ. ಶಿವಮೊಗ್ಗದಲ್ಲಿ ಕಾಲೇಜು ಮುಗಿಸಿ, ಹೊಸಮನೆ ಬಡಾವಣೆಯ ಪೀಜಿಗೆ ಹೋಗದೆ ಕೋಟೆ ರಸ್ತೆಯ ದಸ್ತಗೀರ್ ಚಾಚಾ ಅಂಗಡಿಗೆ ಒಯ್ದೆ. ಅವರು ಬೆಳಕಿಗೆ ಹಿಡಿದು ನೋಡಿ, "ಇದರ ಆಯಸ್ಸು ಮುಗೀತು ಬೇಟಿ, ಹೊಸದು ತಗೋ, ಇದನ್ನ ಬಿಟ್ಟುಬಿಡು" ಅಂದರು. ಅವರು ಹೇಳಿದ್ದು ಪೆನ್ನಿನ ಬಗ್ಗೆಯೇ. ನಾನು ಮಾತ್ರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಈಗೀಗ ನನಗೆ ಎಲ್ಲಿ ಬೇಕಾದರೂ ಅಳು ಬರುತ್ತದೆ, ಬಸ್ಸಿನಲ್ಲಿ ಬರುತ್ತದೆ, ಲ್ಯಾಬಿನಲ್ಲಿ ಬರುತ್ತದೆ. ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಿದೆ, ಪುಸ್ತಕ ತೆರೆದರೆ ಅದೇ ಪುಟದಲ್ಲಿ ಕೂತಿರುತ್ತೇನೆ.

ಅಮ್ಮನದು ಒಂದೇ ದಾರಿ. ಕಮ್ಮಿ ಇಂಕು ಹಾಕಿದ್ರೆ ಕಮ್ಮಿ ಸೋರುತ್ತೆ ಅಂತ ಫಿಲ್ಲರಿನಲ್ಲಿ ಒಂದೆರಡು ಹನಿ ಮಾತ್ರ ಹಾಕಿ ಕೊಡುತ್ತಾಳೆ. ದಿನಾ ಹಾಸಿಗೆ ಬಟ್ಟೆ ಒಗೆಯುವವಳು ಅವಳು, ನಾನೇನು ಹೇಳಲಿ. ಹಾಸಿಗೆಗೆ ಚೆಲ್ಲೀತು ಅಂತ ಅವಳು ಮೊದಲಿನಿಂದಲೂ ಹಾಗೇ ಹಾಕುತ್ತಿದ್ದಳಂತೆ, ಅಪ್ಪ ಆಸ್ಪತ್ರೆಯಿಂದ ಬಂದು ಪೆನ್ನಿಗೆ ಕೈ ಚಾಚಿದ ದಿನದಿಂದ. ಆದರೂ ಸೋರುತ್ತದೆ. ಈ ಕಾಗದವನ್ನು ಅದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಮೇಲೆ ನಿನ್ನನ್ನು ಅಣ್ಣಾ ಅಂತ ಕರೆದ ಜಾಗದಲ್ಲಿ ಬಿದ್ದಿರುವ ಕಲೆ ಕಣ್ಣೀರಲ್ಲ, ಹಾಗಂದುಕೊಂಡು ಬೇಜಾರು ಮಾಡಿಕೊಳ್ಳಬೇಡ. ಈ ಹಾಳೆಯ ತಳದಲ್ಲಿ ಇನ್ನೊಂದು ಬೀಳಬಹುದು, ಹನಿ ಕೂತಿದೆ.

ಆ ದಿನದ ಬಗ್ಗೆ ಬರೆಯದೆ ಮುಗಿಸಬಾರದು. ನೀನು ಡಿಪ್ಲೊಮಾ ಕೊನೆಯ ವರ್ಷ ಬಿಟ್ಟು ಲಾರಿ ಹತ್ತಿದ್ದಕ್ಕೆ ಅಪ್ಪ ಕೂಗಾಡಿದ್ದು ನಿಜ. ಕಣ್ಣಿಗೆ ಕಾಣಿಸ್ಬೇಡ ಅಂದಿದ್ದೂ ನಿಜ. ಮಾರನೇ ದಿನ ಬಚ್ಚಲಲ್ಲಿ ಬಿದ್ದರು, ಮಗನೇ ಅಪ್ಪನನ್ನು ಈ ಸ್ಥಿತಿಗೆ ತಂದ ಅಂತ ದೊಡ್ಡಪ್ಪ ಆಸ್ಪತ್ರೆಯ ವರಾಂಡದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನೀನು ಗೋಡೆ ಕಡೆ ತಿರುಗಿ ನಿಂತಿದ್ದೆ. ಆಮೇಲೆ ಮನೆಗೆ ಕರೆತಂದ ದಿನ, ಅಷ್ಟು ದಿನ ಶಬ್ದವೇ ಇಲ್ಲದೆ ಮಲಗಿದ್ದವರು, ದಿಂಬು ಸರಿ ಮಾಡಲು ಬಗ್ಗಿದ ನಿನ್ನ ಎದೆಗೆ ಪೆನ್ನನ್ನು ಒತ್ತಿ ಒತ್ತಿ ಹಿಡಿದು ಆ ಮಾತು ಅಂದರು. ಮತ್ತೆ ಮತ್ತೆ ಅಂದರು. ನಿನ್ನ ಬಿಳಿ ಅಂಗಿಯ ಮೇಲೆ ಇಂಕು ಇಳಿಯುತ್ತಿತ್ತು. ನಾನು ಬಾಗಿಲಲ್ಲೇ ಇದ್ದೆ. ನೀನು ನನ್ನ ಕಡೆ ತಿರುಗಿ "ಕೇಳಿಸ್ತಾ ಭೂಮಿ?" ಅಂದೆ. ಅಮ್ಮ ಅಡುಗೆಮನೆಯಲ್ಲಿದ್ದಳು, ಅವಳಿಗೆ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಇಲ್ಲ ಅಂತ ಹೇಗೆ ಹೇಳಲಿ? ನೀನು ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಬೇರೆ ತೊಟ್ಟುಕೊಂಡು ಹೋದೆ.

ಆ ಅಂಗಿ ಇನ್ನೂ ಇದೆ. ಅಮ್ಮ ಲಿಂಬೆಹಣ್ಣು, ಉಪ್ಪು, ಹಾಲು ಎಲ್ಲ ಹಾಕಿ ತಿಕ್ಕಿದಳು, ಕಲೆ ನೀಲಿಯಿಂದ ನೇರಳೆ ಆಗಿದೆ, ಹೋಗಿಲ್ಲ.

ಅಪ್ಪ ನಿನ್ನನ್ನು ಕ್ಷಮಿಸಿದ್ದಾರೆ ಅಂತ ಸುಳ್ಳು ಬರೆಯಲಾರೆ, ಅವರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಮೆದುಳು ಪೆಟ್ಟು ತಿಂದಾಗ ಬಾಯಿಗೆ ಬರುವ ಮಾತು ಬೇಕಂತ ಆಡಿದ್ದಲ್ಲ, ಕೆಲವರಿಗೆ ದೊಡ್ಡವರಾದ ಮೇಲೆ ಕಲಿತದ್ದೆಲ್ಲ ಹೋಗಿ ಚಿಕ್ಕಂದಿನ ಒಂದೊಂದು ಮಾತು ಉಳಿಯುತ್ತದೆ, ಬೈಗುಳವೂ ಉಳಿಯಬಹುದು ಅಂತ ಥೆರಪಿಯ ಮೇಡಂ ಹೇಳಿದರು. ಅದನ್ನು ನಂಬಿ ಬಾ ಅಂತಲೂ ಹೇಳಲಾರೆ. ಗುರುವಾರ ಸಹಿ ಹಾಕಲು ಅಮ್ಮ ಇರುತ್ತಾಳೆ, ಓಡಾಡಲು ನಾನಿದ್ದೇನೆ. ಸ್ಟ್ರೆಚರ್ ಹತ್ತಿಸುವಾಗ ಮಾತ್ರ ನಮ್ಮಿಬ್ಬರಿಗೂ ಅವರ ಭಾರ ತಡೆಯಲಾಗುವುದಿಲ್ಲ. ಹೋದ ಸಲ ವಾರ್ಡಿನವರು ಎತ್ತಿದಾಗ ಅಪ್ಪ ಬಾಗಿಲ ಕಡೆಯೇ ನೋಡುತ್ತಿದ್ದರು.

ಅಮ್ಮನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ರಾತ್ರಿ ಗಾಡಿ ಓಡಿಸುವಾಗ ನಿದ್ದೆ ಬಂದರೆ ನಿಲ್ಲಿಸಬೇಕಂತೆ. ನನ್ನ ನಮಸ್ಕಾರ.

ನಿನ್ನ ತಂಗಿ,
ಭೂಮಿಕಾ
(ಅರ್ಧ ಮೇಡಂ)

ಮತ್ತೆ: ಅಣ್ಣ, ಕವರಿಗೆ ಹಾಕುವ ಮುಂಚೆ ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅರ್ಥ ಮಾಡಿಕೋ. ನನ್ನ ಹೆಸರು ಬರೆಯುವಷ್ಟರಲ್ಲಿ ಪೆನ್ನು ಮತ್ತೊಮ್ಮೆ ಖಾಲಿಯಾಯಿತು. ಅಪ್ಪನ ಮಂಚದ ಪಕ್ಕದಲ್ಲಿ ಕೂತು, ಬಾಟಲಿ ತೆರೆದು, ಅಮ್ಮ ಹೇಳಿದ ಹಾಗೆ ಒಂದೆರಡು ಹನಿ ಹಾಕಿ ಮುಚ್ಚಲು ಹೋದೆ. ಅಪ್ಪ ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡು ಸಾಯಿ ಅಂದರು. ಕೈ ಬಿಟ್ಟು ಬಾಟಲಿಯ ಮೇಲೆ ಬೆರಳಿಟ್ಟು ಮತ್ತೆ ಅಂದರು. ಬಾಟಲಿಯನ್ನು ಬೆರಳಿನಿಂದ ಬಡಿದು, ಪೆನ್ನಿನ ಹೊಟ್ಟೆಯನ್ನು ಬಡಿದು, ಮತ್ತೆ. "ಇಂಕಾ ಅಪ್ಪಾ?" ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಅಲ್ಲೇ ನೆಲಕ್ಕೆ ಕೂತಳು. "ಶಾಯಿ ಕಣೇ. ಶಾಯಿ ಅಂತಿದಾರೆ. ಇವರ ಅಮ್ಮ ಹಂಗೇ ಅಂತಿದ್ರು. ಮದುವೆ ಆದ ಹೊಸದ್ರಲ್ಲಿ ಇವರೂ ಅಂತಿದ್ರು, ಮಿಲ್ಲಿಗೆ ಸೇರಿದ್ಮೇಲೆ ಇಂಕು ಅನ್ನೋಕೆ ಶುರು ಮಾಡಿದ್ರು" ಅಂದಳು. ನಾನು ಆ ಪದವನ್ನು ಕನ್ನಡ ಟೆಕ್ಸ್ಟ್ ಬುಕ್ಕಿನಲ್ಲಿ ಓದಿದ್ದೆ, ಮನುಷ್ಯರ ಬಾಯಲ್ಲಿ ಕೇಳಿರಲಿಲ್ಲ. ನಾಲಿಗೆ ಹೊರಳದೆ ಅವರ ಬಾಯಲ್ಲಿ ಅದು ಹಾಗೆ ಬರುತ್ತಿತ್ತು.

ಪೆನ್ನಿನ ಕತ್ತಿನ ತನಕ ತುಂಬಿಸಿ ಕೊಟ್ಟೆ. ಒಂದು ಹನಿಯೂ ಬೀಳಲಿಲ್ಲ. ಅಷ್ಟು ಹೊತ್ತು ಹಿಡಿದುಕೊಂಡೇ ಇದ್ದರು, ಬೀಳಲಿಲ್ಲ. ಒಳಗೆ ಖಾಲಿ ಜಾಗ ಇದ್ದರೆ ಅಲ್ಲಿನ ಗಾಳಿ ಕೈಯ ಕಾವಿಗೆ ಹಿಗ್ಗಿ ಇಂಕನ್ನು ಹೊರಕ್ಕೆ ತಳ್ಳುತ್ತದೆ. ನನ್ನ ಇಂಟರ್ನಲ್ಸಿಗೆ ಇರುವ ಪಾಠವೇ ಅದು. ಅಪ್ಪನಿಗೆ ಗೊತ್ತಿತ್ತು. ತುಂಬಿಸಿ ಕೊಡಿ ಅಂತ ಎಲ್ಲರನ್ನೂ ಕೇಳುತ್ತಿದ್ದರು, ಮೊದಲು ಕೇಳಿದ್ದು ನಿನ್ನನ್ನು. ಆವತ್ತು ನಿನ್ನ ಅಂಗಿ ಹಾಳಾಗುತ್ತಿದ್ದದ್ದನ್ನು ಅವರೂ ನೋಡುತ್ತಿದ್ದರು ಅಣ್ಣ.

ಇದು ನಾನು ಸಮಾಧಾನಕ್ಕೆ ಕಟ್ಟಿದ ಕಥೆ ಅಂದುಕೊಳ್ಳಬೇಡ. ಈ ಹಾಳೆಯ ಕೊನೆಯಲ್ಲಿರುವ ಗೆರೆ ಅಪ್ಪ ಎಳೆದದ್ದು. ಬೆಳಕಿಗೆ ಹಿಡಿದು ಅಂಚು ನೋಡು, ಹರಡಿಲ್ಲ. ಗುರುವಾರದ ಮೇಲೆ ಈ ಒಂದು ಮಾತೂ ಇರುತ್ತದೋ ಇಲ್ಲವೋ. ಅದಕ್ಕೆ ಮುಂಚೆ ಅವರ ಬಾಯಿಂದಲೇ ಇನ್ನೊಂದು ಸಲ ಕೇಳಿಸಿಕೋ. ಬರಲಾಗದಿದ್ದರೆ ಜಾಹಿದ್ ಫೋನಿಗಾದರೂ ಮಾಡು, ಅವನನ್ನು ಮನೆಗೆ ಕರೆಸಿ ಫೋನನ್ನು ಅಪ್ಪನ ಕಿವಿಗೆ ಹಿಡಿಸುತ್ತೇನೆ. ಬೇಗ ಉತ್ತರ ಕೊಡು.